ಏಳನೆಯ ಪುಟದ ಕೈಗಳು

"ಗಂಡಸೋ ಹೆಂಗಸೋ, ಅಷ್ಟು ಹೇಳಿಬಿಡಿ ಖಾನಂ. ಬೇರೇನೂ ಬೇಡ."

ಗೀತಿ ಸಾಲಾರಿ ಚಹಾದ ಲೋಟ ಎತ್ತಿದಳು. ಚಹಾ ಆರಿಹೋಗಿತ್ತು. ಹಲ್ಲಿನ ನಡುವೆ ಇಟ್ಟುಕೊಂಡಿದ್ದ ಸಕ್ಕರೆ ಅಚ್ಚು ಕರಗದೆ ಕಲ್ಲಿನ ಹಾಗೆ ಕೂತಿತ್ತು. ಕಡಿದರೆ ಸದ್ದಾಗುತ್ತದೆ, ನುಂಗುವ ಹಾಗಿಲ್ಲ. ಅವಳು ಅದನ್ನು ಹಾಗೇ ಹಿಡಿದುಕೊಂಡು ಎದುರಿಗಿದ್ದವನನ್ನು ನೋಡಿದಳು.

ಅವನಿಗೆ ಮೂವತ್ತೈದು ಇರಬಹುದು. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅಳತೆಗೆ ಕತ್ತರಿಸಿದ ಗಡ್ಡ, ಕೊರಳವರೆಗೆ ಗುಂಡಿ ಹಾಕಿದ ತಿಳಿನೀಲಿ ಅಂಗಿ. ಪುಸ್ತಕಗಳಿಗೆ ಅನುಮತಿ ಕೊಡುವ ಆ ಕಚೇರಿಯಲ್ಲಿ ಅವನು ಪರೀಕ್ಷಕ. ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಿದವನು ಎಂದು ಪ್ರಕಾಶಕ ಕಾವೂಸಿ ಮೊದಲೇ ಹೇಳಿದ್ದ, ಹಾವಿದೆ ಎಂದು ಹೇಳುವ ದನಿಯಲ್ಲಿ.

ಅವನ ಮುಂದೆ ಅವಳ ಕಥೆಯ ಹನ್ನೆರಡು ಹಾಳೆಗಳಿದ್ದವು. ಏಳನೆಯದರ ಅಂಚಿನಲ್ಲಿ ಪೆನ್ಸಿಲಿನ ಉದ್ದ ಗೆರೆ. ಅವನು ಓದಿದ, ಚೆನ್ನಾಗಿಯೇ ಓದಿದ.

"'ಬೋಗುಣಿಯ ನೀರು ಬೆಚ್ಚಗಿತ್ತು. ಒಂದು ಕೈಯಲ್ಲಿ ಕತ್ತು ಹಿಡಿದೆ, ಇನ್ನೊಂದರಲ್ಲಿ ಕೂದಲು ತೊಳೆದೆ. ಕಣ್ಣುಗಳು ಮುಚ್ಚಿಕೊಂಡವು. ಇಡೀ ತಲೆಯ ಭಾರ ನನ್ನ ಅಂಗೈಗೆ ಬಂತು.' ಇಲ್ಲಿ ತೊಳೆಯೋರು ಯಾರು?"

"ನಾನು ಅಂತ ಇದೆಯಲ್ಲ."

"ಆ ನಾನು ಯಾರು?"

"ತೊಳೆಯೋರು."

ಅವನು ನಕ್ಕ. ಇಂಥ ಉತ್ತರಗಳಿಗೆ ನಗಬೇಕೆಂದು ಯಾರೋ ಕಲಿಸಿಕೊಟ್ಟ ಹಾಗಿತ್ತು.

"ನೋಡಿ, ಗಂಡಸು ಗಂಡಸಿನ ತಲೆ ತೊಳೆದರೆ ನಮಗೇನೂ ತೊಂದರೆಯಿಲ್ಲ. ಹೆಂಗಸು ಹೆಂಗಸಿಂದು ತೊಳೆದರೂ ಇಲ್ಲ. ಗಂಡಸು ಹೆಂಗಸಿಂದು ತೊಳೆದರೆ ಹೆಂಡತಿ ಅಂತ ಎಲ್ಲಾದರೂ ಒಂದು ಕಡೆ ಬರಬೇಕು. ಹೆಂಗಸು ಗಂಡಸಿಂದು ತೊಳೆದರೆ ಗಂಡ ಅಂತಲೋ, ಮಗ ಅಂತಲೋ, ತಂದೆ ಅಂತಲೋ. ಎಲ್ಲಕ್ಕೂ ದಾರಿ ಇದೆ. ನಾವು ಯಾರ ಕೈಯನ್ನೂ ಕತ್ತರಿಸೋದಿಲ್ಲ ಖಾನಂ. ಕೈ ಯಾರದು ಅಂತ ಮಾತ್ರ ಕೇಳ್ತೀವಿ."

ಸಕ್ಕರೆ ಕಟಕ್ಕನೆ ಒಡೆಯಿತು. ಅವಳಿಗೇ ತಿಳಿಯದ ಹಾಗೆ ಕಡಿದುಬಿಟ್ಟಿದ್ದಳು.

"ಖಾಲಿ ಬಿಡಿ," ಎಂದಳು.

"ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗೋದಿಲ್ಲ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ನಾಲ್ಕು ಚೌಕಗಳು, ಮೇಲೆ ಕೆಂಪು ಚುಕ್ಕಿ. "ಇದು ನಿಮ್ಮ ತಪ್ಪಲ್ಲ ಬಿಡಿ, ಫಾರಸಿಯದೇ ತಪ್ಪು. ಅವನು ಅನ್ನೋದಕ್ಕೂ ಅವಳು ಅನ್ನೋದಕ್ಕೂ ಒಂದೇ ಪದ ಇಟ್ಟುಕೊಂಡು ಕೂತಿದೀವಿ. ಸಾವಿರ ವರ್ಷ ಆಯ್ತು, ಯಾರೂ ರಿಪೇರಿ ಮಾಡಿಲ್ಲ."

"ಮಾಡದೆ ಇದ್ದದ್ದೇ ಒಳ್ಳೇದಾಯ್ತು."

ಅವನು ತೆರೆದಿಟ್ಟಿದ್ದ ಬಾಗಿಲ ಕಡೆ ನೋಡಿದ. ಒಬ್ಬ ಹೆಂಗಸು ಒಳಗಿರುವಾಗ ಆ ಬಾಗಿಲು ಮುಚ್ಚುವ ಹಾಗಿರಲಿಲ್ಲ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ದನಿ ತಗ್ಗಿಸಿದ.

"ಇದನ್ನ ಮನೆಗೆ ಒಯ್ದು ಅಮ್ಮನಿಗೆ ಓದಿ ಹೇಳಿದೆ. ಹಾಗೆ ಮಾಡಬಾರದು, ಗೊತ್ತು. ಅಮ್ಮ ಒಂದು ವರ್ಷದಿಂದ ಹಾಸಿಗೇಲಿದಾರೆ. ಕೇಳ್ತಾ ಕೇಳ್ತಾ ಅತ್ತರು. ಕೊನೆಗೆ, ಪಾಪ ಯಾರು ಮಗೂ ಅದು, ಮಗಳಾ ಸೊಸೆಯಾ ಅಂದರು. ನನಗೆ ಹೇಳೋಕೆ ಆಗಲಿಲ್ಲ." ಅವನು ಪೆನ್ನಿನ ಮುಚ್ಚಳ ಹಾಕಿದ. "ಫಾರಂಗೆ ಬೇಡ. ಅಮ್ಮನಿಗೋಸ್ಕರ ಹೇಳಿ."

ಬೆಳಿಗ್ಗೆಯಿಂದ ಅವಳು ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು. ಇದಕ್ಕೆ ಸಿದ್ಧವಾಗಿರಲಿಲ್ಲ. ಹೇಳಿಬಿಟ್ಟರೆ ಏನಾಗುತ್ತದೆ ಎಂಬ ಯೋಚನೆ ಮೊದಲ ಸಲ ಮೈಯನ್ನು ಹಗುರ ಮಾಡಿತು. ಆ ಹಗುರವೇ ಅವಳಿಗೆ ಹೇಸಿಗೆ ಹುಟ್ಟಿಸಿತು.

"ನಿಮ್ಮ ತಾಯಿಯ ತಲೆ ಯಾರು ತೊಳೀತಾರೆ?"

"ಒಬ್ಬಳು ಹೆಂಗಸು ಬರ್ತಾಳೆ."

"ಹೆಸರು?"

ಅವನು ಏಳನೆಯ ಪುಟದಲ್ಲಿ ಹುಡುಕುವವನಂತೆ ತಲೆ ತಗ್ಗಿಸಿದ. "ಅಮ್ಮನಿಗೆ ಗೊತ್ತಿರಬೇಕು," ಎಂದ.

ಗೀತಿ ಎದ್ದಳು. ಅವನೂ ಎದ್ದ, ಮರ್ಯಾದೆಯಿಂದ. "ನಾಳೆ ಮಧ್ಯಾಹ್ನ ಹನ್ನೆರಡರವರೆಗೆ ಫಾರಂ ತೆರೆದಿಟ್ಟಿರ್ತೀನಿ," ಎಂದ. "ಆಮೇಲೆ ಅದು ತಾನಾಗೇ ಮುಚ್ಚಿಕೊಳ್ಳುತ್ತೆ."

ಗೆದ್ದೆನೆಂಬ ಭಾವನೆ ಎರಡನೆಯ ಮಹಡಿಯವರೆಗೆ ಇತ್ತು.

ಕೆಳಗಿನ ಕೌಂಟರಿನಲ್ಲಿ ಬಿಟ್ಟಿದ್ದ ಫೋನನ್ನು ವಾಪಸು ತೆಗೆದುಕೊಳ್ಳುವಷ್ಟರಲ್ಲಿ ಅದು ಬಡಿದುಕೊಳ್ಳತೊಡಗಿತು. ಗಂಡ ಹೂಮನ್. ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಬೇಸಿಗೆ ರಜೆಯಾದ್ದರಿಂದ ಮನೆಯಲ್ಲಿದ್ದ.

"ಏನಂದರು?"

"ಚಹಾ ಕೊಟ್ಟರು."

"ಹೇಳಿದೆಯಾ?"

"ಇಲ್ಲ."

"ನೋಡು ಗೀತಿ, ರೋಗಿ ನಾನೇ ಅಂತ ಬರೆದುಬಿಡು. ನನಗೇನೂ ಬೇಜಾರಿಲ್ಲ. ಹೂಮನ್‌ನ ಹೆಂಡತಿ ಎಷ್ಟು ಚೆನ್ನಾಗಿ ನೋಡ್ಕೊಳ್ತಾಳೆ ಅಂತ ಊರು ಅಂದ್ಕೊಳ್ಳಲಿ."

"ನಿನ್ನ ತಲೇಲಿ ಕೂದಲೆಲ್ಲಿದೆ ತೊಳೆಯೋಕೆ?"

"ಕಥೆ ತಾನೇ, ಬೆಳೆಸು."

ಇಬ್ಬರೂ ನಕ್ಕರು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಈ ನಗುವಿನ ಅಳತೆ ಇಬ್ಬರಿಗೂ ಗೊತ್ತಿತ್ತು. ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂದು. ಮುಗಿದ ಮೇಲೆ ಅವನು ಕರೆದ:

"ಗೀತಿ."

"ಏನು?"

"ಯಾರು ಅದು?"

ಹೊಸವರ್ಷದ ರಜೆಯಲ್ಲಿ ಕಥೆ ಓದಿದಂದಿನಿಂದ ಅವನು ಇದನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತ ಬಂದಿದ್ದ. ಅಡಿಗೆಮನೆಯಲ್ಲಿ ತಮಾಷೆಯಾಗಿ, ಕಾರಿನಲ್ಲಿ ಬೇಸರದಿಂದ, ಒಮ್ಮೆ ಅವಳು ನಿದ್ದೆ ಹೋಗಿದ್ದಾಳೆಂದುಕೊಂಡು ಗೋಡೆಗೆ. ಅವಳು ಇಡೀ ಜೀವಮಾನದಲ್ಲಿ ಹಾಗೆ ಯಾರ ಕತ್ತನ್ನೂ ಹಿಡಿದವಳಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದ್ದರಿಂದಲೇ ಕೇಳುತ್ತಿದ್ದ.

"ಬರುವಾಗ ರೊಟ್ಟಿ ತರ್ತೀನಿ," ಎಂದು ಅವಳು ಫೋನ್ ಇಟ್ಟಳು.

ಕಾವೂಸಿಯ ಕಚೇರಿ ವಿಶ್ವವಿದ್ಯಾಲಯದ ಎದುರಿನ ಪುಸ್ತಕದಂಗಡಿಗಳ ಸಾಲಿನ ಹಿಂದೆ, ಒಂದು ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲ ಮೇಲೂ ಪುಸ್ತಕದ ಕಟ್ಟುಗಳು. ಅವನು ಮೇಜಿನ ಮೇಲೆ ಹಳೆಯ ಕರಡಚ್ಚು ಹಾಸಿಕೊಂಡು ಊಟ ಮಾಡುತ್ತಿದ್ದ: ರೊಟ್ಟಿ, ಚೀಸು, ಒಂದು ಹಿಡಿ ಹಸಿ ಸೊಪ್ಪು. ಅವಳಿಗೂ ಒಂದು ರೊಟ್ಟಿಯ ತುಂಡನ್ನು ದೂಡಿ, ಅದರ ಹಿಂದೆಯೇ ಒಂದು ಕಾಗದವನ್ನು ದೂಡಿದ.

"ಓದೋ ಅಗತ್ಯ ಇಲ್ಲ. ಸಹಿ ಮಾಡಿ ಸಾಕು."

ಅವಳು ಓದಿದಳು. ಇಪ್ಪತ್ತು ವರ್ಷ ಬೇರೆಯವರ ಕರಡು ತಿದ್ದಿ ಬದುಕಿದವಳು. ಓದದೆ ಇರುವುದು ಅವಳ ಕೈಲಾಗುತ್ತಿರಲಿಲ್ಲ. 'ಸದರಿ ಕಥೆಯಲ್ಲಿ ನಾನು ಎಂದರೆ ಪತ್ನಿಯೆಂದೂ, ರೋಗಿಯು ಆಕೆಯ ಪತಿಯೆಂದೂ, ಅಗತ್ಯವಾದ ಒಂದು ಪದವನ್ನು ಏಳನೆಯ ಪುಟದಲ್ಲಿ ಸೇರಿಸಲಾಗುವುದೆಂದೂ ಈ ಮೂಲಕ ಸ್ಪಷ್ಟಪಡಿಸುತ್ತೇನೆ.'

"ಕಾವೂಸಿ ಸಾಹೇಬರೇ, ನೀವು ಎಷ್ಟು ಗಂಡಸರ ಕಥೆ ಅಚ್ಚು ಹಾಕಿದೀರಿ?"

"ಲೆಕ್ಕ ಇಟ್ಟಿಲ್ಲ."

"ಅವರಲ್ಲಿ ಎಷ್ಟು ಜನರನ್ನ ಕರೆಸಿ, ನಿಮ್ಮ ಕಥೆಯ ನಾನು ಯಾರು ಅಂತ ಕೇಳಿದಾರೆ?"

"ಒಬ್ಬರನ್ನೂ ಇಲ್ಲ." ಅವನು ಪುದೀನ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. "ಅದು ನಿಮಗೂ ಗೊತ್ತು, ನನಗೂ ಗೊತ್ತು. ಗಂಡಸು ನಾನು ಅಂತ ಬರೆದರೆ ಜನ ಕಥೆ ಓದ್ತಾರೆ. ಹೆಂಗಸು ಬರೆದರೆ ಮೊದಲು ಹಿಂದುಗಡೆ ಇರೋ ಫೋಟೋ ನೋಡ್ತಾರೆ. ನಾನು ಮಾಡಿದ ಕಾನೂನಲ್ಲ ಇದು. ನಾನು ಬರೀ ಅಚ್ಚು ಹಾಕೋನು."

"ಅಚ್ಚು ಹಾಕಿ ಮತ್ತೆ."

"ಒಂದು ಪದ ಗೀತಿ ಖಾನಂ! ಒಂದೇ ಒಂದು ಪದ. ಮೂರು ವರ್ಷದಿಂದ ನಿಮ್ಮ ಪುಸ್ತಕ ಮೇಜಿಂದ ಮೇಜಿಗೆ ಅಲೆದಿದೆ. ಹನ್ನೆರಡು ಕಥೇಲಿ ಹನ್ನೊಂದು ಪಾಸಾಗಿದೆ. ಬೇಡವೇ ಬೇಡ ಅಂದ್ರೆ ಇದೊಂದನ್ನ ತೆಗೆದುಬಿಡೋಣ."

"ಉಳಿದ ಹನ್ನೊಂದು ನಾನು ಬರೆದದ್ದು, ಅಷ್ಟೆ."

"ಇದನ್ನ ಯಾರು ಬರೆದರು ಹಾಗಾದ್ರೆ?"

ಕಾವೂಸಿ ಕೈ ಒರೆಸಿಕೊಂಡು ಮುಂದಕ್ಕೆ ಬಾಗಿದ. ಕೆಟ್ಟ ಮನುಷ್ಯನಲ್ಲ. ಅವನ ಕಣ್ಣಿನಲ್ಲೂ ಅದೇ ಕುತೂಹಲವಿತ್ತು, ಪರೀಕ್ಷಕನ ತಾಯಿಯ ಕುತೂಹಲ, ಹೂಮನ್‌ನ ಕುತೂಹಲ.

"ನನಗಾದ್ರೂ ಹೇಳಿ. ಯಾರ ಹತ್ರಾನೂ ಬಾಯಿ ಬಿಡಲ್ಲ. ಆ ಕೈ ನಿಮ್ಮದಾ?"

"ಅಲ್ಲ."

ಉತ್ತರ ಬಂದ ವೇಗಕ್ಕೆ ಅವಳೇ ಬೆಚ್ಚಿದಳು. ಇಡೀ ದಿನದಲ್ಲಿ ಅವಳು ಹೇಳಿದ ಮೊದಲನೆಯ ನಿಜ ಅದು, ಮತ್ತು ಅದು ಒಂದು 'ಅಲ್ಲ'.

ಅವಳು ಅವನ ಪೆನ್ನು ತೆಗೆದುಕೊಂಡಳು. ಪತ್ನಿ ಎಂಬುದನ್ನು ಹೊಡೆದುಹಾಕಿ ಮೇಲೆ 'ತೊಳೆಯುವವರು' ಎಂದು ಬರೆದಳು. ಪತಿ ಎಂಬುದನ್ನು ಹೊಡೆದುಹಾಕಿ 'ತೊಳೆಸಿಕೊಳ್ಳುವವರು' ಎಂದು ಬರೆದಳು. ಒಂದು ಪದ ಸೇರಿಸುವ ಮಾತಿನ ಮೇಲೆ ನೇರವಾದ ಗೆರೆ ಎಳೆದು, ಅಂಚಿನಲ್ಲಿ ಕರಡು ತಿದ್ದುವವರ ಗುರುತು ಹಾಕಿದಳು: ತೆಗೆಯಿರಿ. ಕೆಳಗೆ ಸಹಿ, ತಾರೀಖು.

"ಇದನ್ನ ಕಳಿಸಿ."

"ಇದು ಹೋದರೆ ಪುಸ್ತಕವೇ ನಿಲ್ಲುತ್ತೆ."

"ನಿಲ್ಲಲಿ."

"ಹಟ ಇದು. ಬರೀ ಹಟ."

"ಹೌದು," ಎಂದಳು ಗೀತಿ. ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ಮೆಟ್ರೋದಲ್ಲಿ ಅವಳು ಮನೆಯ ದಿಕ್ಕಿಗೆ ಹೋಗುವ ಬದಲು ದಕ್ಷಿಣಕ್ಕೆ ಹೋಗುವ ರೈಲು ಹತ್ತಿದಳು. ಹತ್ತಿದ ಮೇಲೆ ಕಾರಣ ಹೊಳೆಯಿತು.

ಯದೊಲ್ಲಾ. ಅಪ್ಪನ ತಲೆ ತೊಳೆಯುತ್ತಿದ್ದವನ ಹೆಸರು ಅವಳಿಗೆ ಗೊತ್ತಿತ್ತು. ಹೆಸರೊಂದು ಗೊತ್ತಿದ್ದ ಮಾತ್ರಕ್ಕೆ ಬೆಳಿಗ್ಗೆ ಆ ಪರೀಕ್ಷಕನ ಮುಂದೆ ಎಷ್ಟು ಎತ್ತರ ನಿಂತುಬಿಟ್ಟೆನಲ್ಲ ಎಂದು ಈಗ ಮುಖ ಬಿಸಿಯಾಯಿತು.

ಅಪ್ಪ ಪಾರ್ಶ್ವವಾಯು ಬಡಿದು ಹದಿನಾಲ್ಕು ತಿಂಗಳು ಮಲಗಿದ್ದ. ರೇಖಾಗಣಿತ ಕಲಿಸುತ್ತಿದ್ದವನು, ಮಗಳ ಜೊತೆ ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಒಂದು ಪ್ರಮೇಯದಷ್ಟಾಗುತ್ತಿತ್ತು. ದಿನ ಬಿಟ್ಟು ದಿನ ಹತ್ತು ಗಂಟೆಗೆ ಯದೊಲ್ಲಾ ಬರುತ್ತಿದ್ದ. ಲೂರಿಸ್ತಾನದ ಕಡೆಯವನು, ಗಟ್ಟಿ ಆಳು, ಗಡಸು ದನಿ. ಮೈ ಒರೆಸಿ, ತಲೆ ತೊಳೆದು, ಬಟ್ಟೆ ಬದಲಿಸಿ ಹೋಗುತ್ತಿದ್ದ. ಆ ಹೊತ್ತಿನಲ್ಲಿ ಅಮ್ಮ, ತವರಿಗೆ ಬಂದಿರುತ್ತಿದ್ದ ಗೀತಿಯನ್ನು ಪಕ್ಕದ ಕೋಣೆಗೆ ಕಳಿಸುತ್ತಿದ್ದಳು. ಮಗಳು ನೋಡಬಾರದು. ಗೀತಿ ಮೇಜಿನ ಮುಂದೆ ಕೂತು ಶಾಲೆಯ ಭೂಗೋಳ ಪಠ್ಯದ ಕರಡು ತಿದ್ದುತ್ತಿದ್ದಳು. ಗೋಡೆಯಾಚೆ ನೀರು ಸುರಿಯುವ ಸದ್ದು, ಯದೊಲ್ಲಾನ ಗೊಣಗು, ಆಮೇಲೆ ಅಪ್ಪನ ನಗು.

ನಲವತ್ತು ವರ್ಷಗಳಲ್ಲಿ ಅವಳು ಆ ನಗು ಕೇಳಿರಲಿಲ್ಲ. ಅರ್ಧ ಬಾಯಿಯಿಂದ ಬರುತ್ತಿದ್ದ, ಎಳೆಗೂಸಿನಂಥ ನಗು. ಏನು ಹೇಳಿ ನಗಿಸುತ್ತಿದ್ದ ಯದೊಲ್ಲಾ? ಒಮ್ಮೆ ಎದ್ದು ಹೋಗಿ ಬಾಗಿಲು ತಳ್ಳಿದ್ದಳು. ಅಪ್ಪನ ಮುಖ ತಕ್ಷಣ ತಂದೆಯ ಮುಖವಾಯಿತು. "ಟವೆಲ್ ಬೇಕಾ?" ಎಂದು ಕೇಳಿ, ಬೇಡವೆನ್ನಿಸಿಕೊಂಡು, ಬಂದು ನದಿಗಳ ಉದ್ದ ತಿದ್ದಿದಳು.

ಅಪ್ಪ ಸತ್ತ ಮೇಲೆ ಬರೆಯಲು ಕೂತಳು. ಮೊದಲು ಮಗಳಾಗಿ ಬರೆದಳು. ಮಗಳು ಕೋಣೆಯೊಳಗೆ ಹೋಗಲೇ ಇಲ್ಲ. ಯದೊಲ್ಲಾ ಆಗಿ ಬರೆದಳು. ಅವನು ಕೆಲಸ ಮುಗಿಸಿ ಮನೆಗೆ ಹೋದ. ನಾಲ್ಕು ತಿಂಗಳು ಹಾಗೆ ಹೋದವು. ಒಂದು ದಿನ ಮಗಳು ಎಂಬ ಪದವನ್ನು ಹೊಡೆದಳು, ಆಳು ಎಂಬ ಪದವನ್ನು ಹೊಡೆದಳು, ಹೆಸರು ಹೊಡೆದಳು. ನಾನು ಎಂಬುದು ಬರೀ ಮೈಯಲ್ಲಿ ನಿಂತಿತು, ಗಡ್ಡವಿಲ್ಲ, ತಲೆವಸ್ತ್ರವಿಲ್ಲ. ಅದು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಬೋಗುಣಿಗೆ ಕೈಯಿಟ್ಟಿತು. ಮೂರು ದಿನದಲ್ಲಿ ಹನ್ನೆರಡು ಪುಟ.

ಅವಳು ಕಾಪಾಡಿಕೊಳ್ಳುತ್ತಿದ್ದದ್ದು ಅಷ್ಟನ್ನೇ. ಆದರೆ ಆ ನಗುವಿಗೆ ಕಾರಣವಾದ ಮಾತನ್ನು ಅವಳು ಕಥೆಯಲ್ಲಿ ಬರೆದಿರಲಿಲ್ಲ. ಗೊತ್ತಿದ್ದರೆ ತಾನೆ. ಎದುರು ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಿತು. ಸುರಂಗದ ಕತ್ತಲಿಗೆ ಅಂಟಿಸಿದ ಯಾರದೋ ಮುಖದ ಹಾಗಿತ್ತು.

ಸಾವಿನ ನಲವತ್ತನೆಯ ದಿನದ ಕಾರ್ಯ ಕಳೆದ ಮೇಲೆ ಅಪ್ಪನ ಚಳಿಗಾಲದ ಕೋಟನ್ನು ಯದೊಲ್ಲಾನಿಗೆ ಟ್ಯಾಕ್ಸಿಯಲ್ಲಿ ಕಳಿಸಿದ್ದರು. ಕಟ್ಟಿನ ಮೇಲೆ ವಿಳಾಸ ಬರೆದವಳು ಅವಳೇ. ಬಜಾರಿನ ಹಿಂದಿನ ಹಳೆಯ ಕೇರಿ, ಕಿರಿದಾದ ಓಣಿ, ಕೊನೆಯ ಮನೆ. ಅವನನ್ನು ಕಂಡು ಒಂದೇ ಪ್ರಶ್ನೆ ಕೇಳಬೇಕು.

ಓಣಿ ನಿದ್ದೆ ಹೋಗಿತ್ತು. ಮೂರೂವರೆಯ ಬಿಸಿಲಿಗೆ ಗೋಡೆಗಳ ಮಣ್ಣು ಸುಟ್ಟ ವಾಸನೆ ಬಿಡುತ್ತಿತ್ತು. ಒಂದು ಬೆಕ್ಕು ಕೂಡ ಇರಲಿಲ್ಲ. ಕೊನೆಯ ಮನೆಯ ಬೆಲ್ ಒತ್ತಿದಳು. ಸದ್ದಿಲ್ಲ. ಆ ಭಾಗಕ್ಕೆ ಕರೆಂಟು ತೆಗೆದಿದ್ದರು.

ಬಾಗಿಲು ಹಳೆಯ ಕಾಲದ್ದು, ಎರಡು ಹಲಗೆಯ ಮರದ ಬಾಗಿಲು. ಹಲಗೆಗೊಂದರಂತೆ ಬಡಿಯುವ ಕಬ್ಬಿಣ. ಬಲಗಡೆ ದಪ್ಪ ಪಟ್ಟಿ, ಗಂಡಸರು ಬಡಿಯುವುದಕ್ಕೆ. ಎಡಗಡೆ ತೆಳ್ಳಗಿನ ಬಳೆ, ಹೆಂಗಸರಿಗೆ. ಬಂದವರು ಯಾರೆಂದು ಒಳಗಿನವರು ಸದ್ದಿನಲ್ಲೇ ತಿಳಿದು, ತೆರೆಯಲು ಗಂಡಸನ್ನೋ ಹೆಂಗಸನ್ನೋ ಕಳಿಸುತ್ತಿದ್ದ ಕಾಲದ್ದು.

ಗೀತಿಯ ಕೈ ಬಳೆಗೆ ಹೋಗಿತ್ತು. ಯಾರೂ ಹೇಳಿರಲಿಲ್ಲ, ತಾನಾಗಿ ಹೋಗಿತ್ತು. ಅವಳು ಅದನ್ನು ನೋಡಿದಳು, ಬೇರೆಯವರ ಕೈಯನ್ನು ನೋಡುವ ಹಾಗೆ. ಹಿಂದಕ್ಕೆ ತೆಗೆದಳು. ಪಟ್ಟಿ ಹಿಡಿದು ಮೂರು ಸಲ ಬಡಿದಳು.

"ಯಾರಪ್ಪಾ?" ಒಳಗಿನಿಂದ ಮುದುಕಿಯ ದನಿ. ಯದೊಲ್ಲಾನ ತಾಯಿಯಿರಬೇಕು. "ಮನೇಲಿ ಗಂಡಸರು ಯಾರೂ ಇಲ್ಲ. ಯದೊಲ್ಲಾ ಕೆಲಸಕ್ಕೆ ಹೋಗಿದಾನೆ. ಸಂಜೆ ಬಾಪ್ಪಾ."

ಅಮ್ಮಾ, ನಾನು, ಸಾಲಾರಿ ಮೇಷ್ಟ್ರ ಮಗಳು. ಅಷ್ಟು ಸಾಕಾಗಿತ್ತು. ಇಡೀ ವಾಕ್ಯ ತಯಾರಾಗಿ ಗಂಟಲಿಗೆ ಬಂದು ನಿಂತಿತು. ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ಮುದುಕಿ ಗಲ್ಲ ಹಿಡಿದು, ನಿಮ್ಮ ತಂದೆಗೆ ಸ್ವರ್ಗ ಸಿಗಲಿ ಎನ್ನುತ್ತಿದ್ದಳು, ಹುಳಿಚೆರ್ರಿಯ ಶರಬತ್ತು ತರುತ್ತಿದ್ದಳು. ಯದೊಲ್ಲಾ ಮನೆಗೆ ಬಂದು ಅಪ್ಪನ ಕಥೆಗಳನ್ನು ಹೇಳಿರಲೂಬಹುದು. ಯಾವ ಮಾತಿಗೆ ಅಪ್ಪ ನಗುತ್ತಿದ್ದ ಎಂದು ಇವಳಿಗೇ ಗೊತ್ತಿರಲೂಬಹುದು.

ಮಗಳು ಎಂದರೆ ಸಾಕಾಗಿತ್ತು. ಗೀತಿ ತುಟಿ ಕಚ್ಚಿ ಹಿಡಿದಳು.

ಬಳೆಯನ್ನು ಎತ್ತಿ ಬಡಿದಳು. ಟಿಂಗ್, ಟಿಂಗ್.

"ಅಯ್ಯೋ, ಹೆಣ್ಣುಮಗಳಾ? ಯಾರಮ್ಮಾ? ಬಂದೆ ತಾಯಿ, ಇರು, ಮಂಡಿ ಹಿಡಿದುಕೊಂಡಿದೆ..." ಚಪ್ಪಲಿ ಎಳೆಯುವ ಸದ್ದು ಅಂಗಳ ದಾಟಿ ಹತ್ತಿರ ಬಂತು. ಹತ್ತಿರ, ಇನ್ನೂ ಹತ್ತಿರ.

ಗೀತಿ ಪಟ್ಟಿ ಬಡಿದಳು.

ಚಪ್ಪಲಿ ನಿಂತಿತು.

"ಯಾರದು?"

ಈ ಸಲ ಪ್ರಶ್ನೆಯ ಕೊನೆಗೆ 'ಅಪ್ಪಾ' ಎಂದೂ ಇಲ್ಲ, 'ಅಮ್ಮಾ' ಎಂದೂ ಇಲ್ಲ. ಗೀತಿಯ ಎದೆ ಒಮ್ಮೆಲೇ ತುಂಬಿ ಬಂತು. ಇಡೀ ದಿನದಲ್ಲಿ ಯಾರೋ ಒಬ್ಬರು ತನ್ನನ್ನು ಸರಿಯಾಗಿ ಕೇಳಿದರು ಎನ್ನಿಸಿತು. ಇದಕ್ಕೆ ಉತ್ತರಿಸಬಹುದು, ಇದೊಂದಕ್ಕೆ. ಅವಳು ಎರಡೂ ಕೈ ಚಾಚಿ ಎರಡೂ ಕಬ್ಬಿಣಗಳನ್ನು ಹಿಡಿದು ಒಟ್ಟಿಗೆ ಬಡಿದಳು. ಎದ್ದ ಸದ್ದು ಅದರದೂ ಅಲ್ಲ, ಇದರದೂ ಅಲ್ಲ. ಖಾಲಿ ಓಣಿಯ ಉದ್ದಕ್ಕೂ ಉರುಳಿಹೋಗಿ ಗೋಡೆಗೆ ತಾಗಿ ಹಿಂದಕ್ಕೆ ಬಂತು. ಮತ್ತೆ ಬಡಿದಳು.

ಒಳಗೆ ಉಸಿರಾಟ ಕೇಳಿಸಿತು. ಆಮೇಲೆ ಮುದುಕಿಯ ದನಿ, ಸಣ್ಣಗೆ, ನಡುಗುತ್ತ:

"ಎಷ್ಟು ಜನ ಇದೀರಿ?"

ಕೆಳಗಿನ ಅಗುಳಿ ಬಿತ್ತು. ಮೇಲಿನ ಅಗುಳಿ ಬಿತ್ತು. ಏನೋ ಭಾರವಾದದ್ದನ್ನು, ಪೆಟ್ಟಿಗೆಯೋ ಹಾಸಿಗೆ ಸುರುಳಿಯೋ, ಒಂಟಿ ಮುದುಕಿ ತಡೆತಡೆದು ಎಳೆದು ತಂದು ಬಾಗಿಲಿಗೆ ಒತ್ತುವುದು ಕೇಳಿಸಿತು. ಬಿಸಿಲಿನಲ್ಲಿ ಕಬ್ಬಿಣ ಕಾದಿತ್ತು. ಗೀತಿ ಎರಡನ್ನೂ ಬಿಡದೆ ಹಿಡಿದು ನಿಂತಿದ್ದಳು, ಅಂಗೈ ಸುಡುತ್ತಿದ್ದರೂ.